ಶಿಕ್ಷೆ, ನ್ಯಾಯ, ಕರುಣೆ: ಕ್ರೈಸ್ತ ಚಿಂತನೆಯ ಬೆಳವಣಿಗೆ ಮತ್ತು ಹಲಗಲಿಯ ಗಲ್ಲು

ತಪ್ಪಿಗೆ ತಕ್ಕ ಶಿಕ್ಷೆಯಾಗಬೇಕು ಎಂದು ಹೇಳುವ ಧರ್ಮಗ್ರಂಥವೇ ತಪ್ಪಿತಸ್ಥನನ್ನು ಕ್ಷಮಿಸಬೇಕು ಎಂದೂ ಹೇಳುತ್ತದೆ. ಈ ಎರಡು ಆಜ್ಞೆಗಳನ್ನು ಒಟ್ಟಿಗೆ ಪಾಲಿಸುವುದು ಹೇಗೆ ಎಂಬ ಪ್ರಶ್ನೆ ಕ್ರೈಸ್ತ ನೀತಿಚಿಂತನೆಯಲ್ಲಿ ಎರಡು ಸಾವಿರ ವರ್ಷಗಳಿಂದ ಚರ್ಚೆಯಲ್ಲಿದೆ. ಸಾಮಾನ್ಯವಾಗಿ ನ್ಯಾಯ ಮತ್ತು ಕರುಣೆಗಳನ್ನು ತಕ್ಕಡಿಯ ಎರಡು ತಟ್ಟೆಗಳೆಂದು ಭಾವಿಸುವುದುಂಟು: ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು, ಜಾಣ ನ್ಯಾಯಾಧೀಶ ನಡುವೆ ಎಲ್ಲೋ ನಿಲ್ಲಿಸಬೇಕು. ಕ್ರೈಸ್ತ ಪರಂಪರೆಯ ಗಟ್ಟಿಯಾದ ವಿಚಾರ ಈ ಚಿತ್ರವನ್ನು ಒಪ್ಪುವುದಿಲ್ಲ. ಯಾರು ಯಾರಿಗೆ ಎಷ್ಟು ಅನ್ಯಾಯ ಮಾಡಿದರು ಎಂಬುದನ್ನು ನ್ಯಾಯ ಮೊದಲು ಸತ್ಯವಾಗಿ ಅಳೆಯಬೇಕು. ಆ ಸತ್ಯವನ್ನು ಮರೆಮಾಚದೆ, ತನ್ನ ಪಾಲಿನ ನಷ್ಟವನ್ನು ತಾನೇ ಹೊತ್ತು ಕೊಡುವುದು ಕರುಣೆ. ಈ ಅಳತೆ ತಪ್ಪಿದಾಗ ಶಿಕ್ಷೆಯೂ ಕ್ರೂರವಾಗುತ್ತದೆ, ದಯೆಯೂ ಕ್ರೂರವಾಗುತ್ತದೆ. ಎರಡಕ್ಕೂ ಉತ್ತರ ಕರ್ನಾಟಕದ ಚರಿತ್ರೆಯಲ್ಲಿ ಸಾಕ್ಷ್ಯವಿದೆ. ಒಂದು ಹಲಗಲಿಯ ಗಲ್ಲು, ಇನ್ನೊಂದು ವಿಜಯಪುರ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಕೆಲವು ಸಮುದಾಯಗಳನ್ನು ಬೇಲಿಯೊಳಗೆ ಇರಿಸಿದ ಸೆಟ್ಲಮೆಂಟು.

ಹಲಗಲಿ ಇಂದಿನ ಮುಧೋಳ ತಾಲ್ಲೂಕಿನ ಊರು. 1857ರಲ್ಲಿ ಅದು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಮೇಲೆ ಕಂಪನಿ ಸರ್ಕಾರದ ಹಿಡಿತವಿತ್ತು. ಆ ವರ್ಷ ಉತ್ತರ ಭಾರತದಲ್ಲಿ ದಂಗೆ ಎದ್ದ ಮೇಲೆ ಜನರ ಬಳಿಯಿದ್ದ ಆಯುಧಗಳನ್ನು ಕಸಿದುಕೊಳ್ಳುವ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಹೊಟ್ಟೆಪಾಡು, ಮಾನ ಎಲ್ಲವೂ ಆಗಿತ್ತು. ಹಲಗಲಿಯ ಬೇಡರು ಜಡಗ, ಬಾಲರ ಮುಂದಾಳತ್ವದಲ್ಲಿ ಆಯುಧ ಕೊಡಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಸೇನೆ ಊರನ್ನು ಮುತ್ತಿತು, ಮನೆಗಳಿಗೆ ಬೆಂಕಿ ಬಿತ್ತು, ಕಾದಾಟದಲ್ಲಿ ಬಹಳ ಜನ ಸತ್ತರು, ಸೆರೆ ಸಿಕ್ಕವರನ್ನು ಮುಧೋಳಕ್ಕೆ ಒಯ್ದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನೂ, 14ರಂದು ಹಲಗಲಿಯಲ್ಲಿಯೇ 6 ಜನರನ್ನೂ ಗಲ್ಲಿಗೇರಿಸಲಾಯಿತು. ಮುತ್ತಿಗೆಗೂ ಮೊದಲ ಗಲ್ಲಿಗೂ ನಡುವೆ ಎರಡು ವಾರವೂ ಪೂರ್ತಿ ಕಳೆದಿರಲಿಲ್ಲ. ಆರು ಜನರನ್ನು ಅವರ ಊರಿಗೇ ಮರಳಿ ತಂದು, ಉಳಿದವರ ಕಣ್ಣೆದುರು ನೇಣಿಗೆ ಹಾಕಿದ್ದರ ಗುರಿ ಆ ಆರು ಜನರಲ್ಲ, ನೋಡುವವರು. ಸುತ್ತಿನ ಹಳ್ಳಿಗಳಿಗೆ ಭಯ ಹುಟ್ಟಿಸಲು ಕೊಟ್ಟ ಶಿಕ್ಷೆ ಅದು. ಈ ಘಟನೆಯನ್ನು ಹಾಡಿದ ಲಾವಣಿಯನ್ನು ಇದೇ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ. ಆಳುವವರ ಕಡೆಯವನೇ ಸೋತವರ ಸಾಕ್ಷ್ಯವನ್ನು ಉಳಿಸಿಕೊಟ್ಟ. ಹಲಗಲಿಯ ಅನೇಕ ವಿವರಗಳು ಇಂದು ನಮಗೆ ದಕ್ಕಿರುವುದು ಆ ಹಾಡಿನಿಂದ.

ಹಲಗಲಿಯ ಗಲ್ಲು ರಾಜಕೀಯ ಕೃತ್ಯ, ಅದಕ್ಕೂ ಕ್ರೈಸ್ತ ಧರ್ಮಕ್ಕೂ ಏನು ಸಂಬಂಧ ಎಂದು ಕೇಳಬಹುದು. ಗಲ್ಲಿಗೆ ಹಾಕಿದವರು ಚರ್ಚಿನ ಅಧಿಕಾರಿಗಳಲ್ಲ, ನಿಜ. ಆದರೆ ಆ ವರ್ಷ ಇಂಗ್ಲೆಂಡಿನಲ್ಲೂ ಭಾರತದಲ್ಲೂ ದಂಗೆಕೋರರಿಗೆ ಎಷ್ಟು ಶಿಕ್ಷೆ ಕೊಡಬೇಕು ಎಂಬ ವಾದ ಬೈಬಲ್ಲಿನ ಭಾಷೆಯಲ್ಲಿಯೇ ನಡೆಯಿತು. ಪಂಜಾಬಿನ ಸೇನಾಧಿಕಾರಿ ಜಾನ್ ನಿಕಲ್ಸನ್ ದೆಹಲಿಯಲ್ಲಿ ಹೆಂಗಸರು ಮಕ್ಕಳನ್ನು ಕೊಂದವರಿಗೆ ಬರಿಯ ನೇಣು ಸಾಲದು, ಚರ್ಮ ಸುಲಿಯುವ, ಸುಡುವ ಶಿಕ್ಷೆಗೆ ಕಾನೂನು ಬೇಕೆಂದು ಪತ್ರ ಬರೆದ. ತಪ್ಪಿನ ಪ್ರಮಾಣಕ್ಕೆ ಏಟಿನ ಪ್ರಮಾಣ ಎಂಬ ಬೈಬಲ್ಲಿನ ಮಾತನ್ನೇ ಅದಕ್ಕೆ ಆಧಾರವಾಗಿ ಕೊಟ್ಟ. 1857ರ ಅಕ್ಟೋಬರ್ 7ನ್ನು ಬ್ರಿಟನ್ ಉಪವಾಸ ಮತ್ತು ಪಶ್ಚಾತ್ತಾಪದ ದಿನವೆಂದು ಆಚರಿಸಿತು. ಅಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಜನರ ಮುಂದೆ ಬ್ಯಾಪ್ಟಿಸ್ಟ್ ಬೋಧಕ ಚಾರ್ಲ್ಸ್ ಸ್ಪರ್ಜನ್ ಪ್ರಸಂಗ ಮಾಡಿ, ಸಿಪಾಯಿಗಳ ವಿರುದ್ಧ ಖಡ್ಗ ಹಿರಿಯಲೇಬೇಕೆಂದ. ಅದೇ ಉಸಿರಿನಲ್ಲಿ ತನ್ನ ನಾಡಿನ ಪಾಪಗಳನ್ನೂ ಎಣಿಸಿದ. ಇನ್ನೊಂದೆಡೆ ಗವರ್ನರ್ ಜನರಲ್ ಕ್ಯಾನಿಂಗ್ ಜುಲೈ ಕೊನೆಯಲ್ಲಿ ಹೊರಡಿಸಿದ ಸುತ್ತೋಲೆ, ಕೊಲೆ ಮಾಡಿದ ಸಿಪಾಯಿಗೂ ಸುಮ್ಮನೆ ಪಲಾಯನ ಮಾಡಿದವನಿಗೂ ವ್ಯತ್ಯಾಸ ಮಾಡಬೇಕೆಂದಿತು. ಇಷ್ಟಕ್ಕೇ ಪತ್ರಿಕೆಗಳು ಅವನಿಗೆ ದಯಾಳು ಎಂಬ ಬಿರುದನ್ನು ಬೈಗುಳವಾಗಿ ಕೊಟ್ಟವು. ಮುಂದಿನ ವರ್ಷ ನವೆಂಬರ್ 1ರಂದು ಹೊರಟ ವಿಕ್ಟೋರಿಯಾ ರಾಣಿಯ ಘೋಷಣೆ ಕ್ರೈಸ್ತ ಸತ್ಯದಲ್ಲಿ ತನಗಿರುವ ನಂಬಿಕೆಯನ್ನು ಹೇಳಿಕೊಂಡಿತು, ಯಾರ ಮೇಲೂ ತನ್ನ ಮತವನ್ನು ಹೇರುವುದಿಲ್ಲವೆಂದಿತು, ಮನೆಗೆ ಮರಳುವ ದಂಗೆಕೋರರಿಗೆ ಕ್ಷಮಾದಾನ ನೀಡಿತು. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಪಾಲುಗೊಂಡವರನ್ನು ಮಾತ್ರ ಹೊರಗಿಟ್ಟಿತು. ಹಲಗಲಿಯ ಹತ್ತೊಂಬತ್ತು ಜನರ ಪಾಲಿಗೆ ಆ ಕ್ಷಮೆ ಸುಮಾರು ಹನ್ನೊಂದು ತಿಂಗಳು ತಡವಾಗಿತ್ತು. ಒಂದೇ ಧರ್ಮದ ಹೆಸರಿನಲ್ಲಿ ಒಂದೂವರೆ ವರ್ಷದೊಳಗೆ ಚರ್ಮ ಸುಲಿಯುವ ಬೇಡಿಕೆಯೂ ಸಾಮೂಹಿಕ ಕ್ಷಮಾದಾನವೂ ಬಂದವು. ಯಾವುದು ಆ ಧರ್ಮದ ನಿಜವಾದ ಮಾತು ಎಂದು ತಿಳಿಯಲು ಮೂಲಕ್ಕೆ ಹೋಗಬೇಕು.

ಕಣ್ಣಿಗೆ ಕಣ್ಣು ಎಂಬ ವಿಮೋಚನಕಾಂಡದ ನಿಯಮವನ್ನು ಸೇಡಿನ ಘೋಷಣೆಯೆಂದು ಓದುವುದು ವಾಡಿಕೆಯಾಗಿಬಿಟ್ಟಿದೆ. ಅದರ ಕಾಲದಲ್ಲಿ ಅದು ಸೇಡಿಗೆ ಹಾಕಿದ ಮಿತಿ: ಒಂದು ಕಣ್ಣು ಹೋದರೆ ಒಂದು ಕಣ್ಣಷ್ಟೇ, ಊರು ಸುಡುವಂತಿಲ್ಲ. ನಿಕಲ್ಸನ್ನನ ಬೇಡಿಕೆಯೂ ಹಲಗಲಿಗೆ ಇಟ್ಟ ಬೆಂಕಿಯೂ ಈ ಹಳೆಯ ಮಿತಿಯನ್ನೇ ಮೀರಿದವು. ಅದೇ ಹಳೆಯ ಒಡಂಬಡಿಕೆಯ ಮೊದಲ ಕೊಲೆಗಾರ ಕಾಯಿನನಿಗೆ ದೇವರು ಗಡಿಪಾರಿನ ಶಿಕ್ಷೆ ಕೊಡುತ್ತಾನೆ, ಜೊತೆಗೆ ಅವನನ್ನು ಯಾರೂ ಕೊಲ್ಲದಂತೆ ಗುರುತನ್ನೂ ಹಾಕುತ್ತಾನೆ. ಹೊಸ ಒಡಂಬಡಿಕೆಯಲ್ಲಿ ವ್ಯಭಿಚಾರದ ಆಪಾದನೆ ಹೊತ್ತ ಹೆಂಗಸನ್ನು ಕಲ್ಲೆಸೆದು ಕೊಲ್ಲಲು ಬಂದವರನ್ನು ಯೇಸು ತಡೆಯುತ್ತಾನೆ, ಆದರೆ ಅವಳಿಗೆ ಮುಂದೆ ಪಾಪ ಮಾಡಬೇಡವೆಂದೂ ಹೇಳುತ್ತಾನೆ. ತಪ್ಪನ್ನು ತಪ್ಪೆಂದು ಹೆಸರಿಸಿಯೇ ಅವಳನ್ನು ಕಳಿಸಿಕೊಟ್ಟದ್ದು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಸ್ಪಷ್ಟವಾದ ಪ್ರಸಂಗ ಲೂಕನ ಸುವಾರ್ತೆಯ ಜಕ್ಕಾಯನದು. ತೆರಿಗೆ ವಸೂಲಿಯಲ್ಲಿ ಜನರನ್ನು ಸುಲಿದವನ ಮನೆಗೆ ಯೇಸು ತಾನಾಗಿಯೇ ಅತಿಥಿಯಾಗಿ ಹೋಗುತ್ತಾನೆ. ಶಿಕ್ಷೆಯ ಮಾತೇ ಬರುವುದಿಲ್ಲ. ಜಕ್ಕಾಯ ಎದ್ದು ನಿಂತು, ಮೋಸ ಮಾಡಿ ತೆಗೆದುಕೊಂಡಿದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುವೆನೆನ್ನುತ್ತಾನೆ. ಇಲ್ಲಿ ಕರುಣೆ ಮೊದಲು ಬಂತು, ನ್ಯಾಯ ಅದರ ಹಿಂದೆಯೇ ಬಂತು, ಅದೂ ಸುಲಿಗೆಗೆ ಒಳಗಾದವರ ಕೈಗೆ ಹಣವಾಗಿ ಬಂತು.

ಈ ಕಥೆಗಳನ್ನು ಆಡಳಿತದ ನೀತಿಯಾಗಿ ಮಾಡುವ ಕಷ್ಟ, ಕ್ರೈಸ್ತರು ರೋಮ್ ಸಾಮ್ರಾಜ್ಯದಲ್ಲಿ ಅಧಿಕಾರಕ್ಕೆ ಬಂದ ಮೇಲೆ ಎದುರಾಯಿತು. 411-412ರ ಸುಮಾರಿಗೆ ಉತ್ತರ ಆಫ್ರಿಕಾದಲ್ಲಿ ಡೊನಾಟಿಸ್ಟ್ ಪಂಥದ ಕೆಲವರು ಬಿಷಪ್ ಅಗಸ್ತೀನನ ಸಭೆಯ ಒಬ್ಬ ಪಾದ್ರಿಯನ್ನು ಕೊಂದರು, ಇನ್ನೊಬ್ಬನ ಕಣ್ಣು ಕಿತ್ತು ಬೆರಳು ಕಡಿದರು. ತಪ್ಪೊಪ್ಪಿಗೆಯೂ ಆಯಿತು. ವಿಚಾರಣೆ ನಡೆಸುತ್ತಿದ್ದ ಮಾರ್ಸೆಲಿನಸ್‌ನಿಗೆ ಅಗಸ್ತೀನ ಪತ್ರ ಬರೆದು, ಇವರನ್ನು ಕೊಲ್ಲಬೇಡಿ, ಅವರು ಮಾಡಿದಂತೆ ಅಂಗ ಕಡಿಯಲೂ ಬೇಡಿ, ಯಾವುದಾದರೂ ಉಪಯುಕ್ತ ಕೆಲಸಕ್ಕೆ ಹಚ್ಚಿ ಎಂದು ಬೇಡಿಕೊಂಡ. ಅಪರಾಧ ಸಾಬೀತಾಗಿದೆ, ಅಪರಾಧಿಗಳು ಪಶ್ಚಾತ್ತಾಪಪಟ್ಟ ಸುಳಿವಿಲ್ಲ, ಸತ್ತವನು ತನ್ನ ಕಡೆಯವನು. ಕರುಣೆ ಕೇಳಿದವನು ಗಾಯಗೊಂಡ ಪಕ್ಷದವನೇ ಎಂಬುದರಿಂದ ಆ ಪತ್ರಕ್ಕೆ ತೂಕ ಬಂದಿದೆ. ಅದೇ ಅಗಸ್ತೀನ ಡೊನಾಟಿಸ್ಟರನ್ನು ಬಲವಂತದಿಂದ ಸಭೆಗೆ ಮರಳಿ ತರುವುದನ್ನು ಬೇರೆ ಪತ್ರಗಳಲ್ಲಿ ಸಮರ್ಥಿಸಿದ. ಮುಂದಿನ ಶತಮಾನಗಳ ಮತೀಯ ದಂಡನೆಗಳಿಗೆ ಅದು ನೆಪವಾಯಿತು ಎಂಬುದನ್ನೂ ಮುಚ್ಚಿಡಬಾರದು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್, ಪಾಪಕ್ಕೆ ಪರಿಹಾರ ಸಲ್ಲಬೇಕು ಇಲ್ಲವೇ ಶಿಕ್ಷೆಯಾಗಬೇಕು ಎಂದ. ಪರಿಹಾರ ಸಂದರೆ ಶಿಕ್ಷೆ ಬೇಕಿಲ್ಲ ಎಂಬ ದಾರಿಯನ್ನು ಅವನ ಮಾತು ತೆರೆದಿಟ್ಟಿತ್ತು. ಕ್ಯಾಲ್ವಿನ್ ಮತ್ತು ಅವನ ಅನುಯಾಯಿಗಳಲ್ಲಿ ಪರಿಹಾರವೇ ಶಿಕ್ಷೆಯಾಗಿ, ಕ್ರಿಸ್ತ ಶಿಲುಬೆಯ ಮೇಲೆ ಮನುಷ್ಯರ ಬದಲಿಗೆ ದಂಡನೆ ಅನುಭವಿಸಿದ ಎಂಬ ಬೋಧೆ ಗಟ್ಟಿಯಾಯಿತು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಬೋಧಕರು ಬೆಳೆದದ್ದು ಈ ಬೋಧೆಯ ನೆರಳಿನಲ್ಲಿ. ಯಾರಾದರೊಬ್ಬರು ನೋವುಣ್ಣಲೇಬೇಕು, ಇಲ್ಲವಾದರೆ ನ್ಯಾಯ ತೀರದು ಎಂಬ ಭಾವನೆ ಅವರಿಗೆ ಉಸಿರಿನಷ್ಟು ಸಹಜವಾಗಿತ್ತು.

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಕೊಟ್ಟ ಉತ್ತರವನ್ನು ಇಷ್ಟು ಕಾಲವಾದರೂ ಯಾರೂ ಮೀರಿಸಿಲ್ಲ. ಒಬ್ಬನಿಗೆ ನೂರು ನಾಣ್ಯ ಕೊಡಬೇಕಾದವನು ತನ್ನ ಸ್ವಂತದ್ದರಿಂದ ಇನ್ನೂರು ಕೊಟ್ಟರೆ ನ್ಯಾಯಕ್ಕೆ ಏನೂ ಕುಂದಾಗುವುದಿಲ್ಲ, ನ್ಯಾಯ ತುಂಬಿ ಹರಿದಂತಾಗುತ್ತದೆ. ಕರುಣೆಯೂ ಹಾಗೆಯೇ ಎಂದು ಅವನ ವಾದ. ಇದರಲ್ಲಿ ಒಂದು ಷರತ್ತು ಅಡಗಿದೆ: ಕೊಡುವ ಹಣ ಕೊಡುವವನದೇ ಆಗಿರಬೇಕು. ತನಗಾದ ಅನ್ಯಾಯವನ್ನು ಕ್ಷಮಿಸುವ ಹಕ್ಕು ಯಾರಿಗೂ ಇದೆ. ಇನ್ನೊಬ್ಬರಿಗಾದ ಅನ್ಯಾಯವನ್ನು ಕ್ಷಮಿಸುವವನು ಪರರ ದುಡ್ಡಿನಲ್ಲಿ ದಾನಿಯಾಗುತ್ತಾನೆ. (ಇದೇ ಅಕ್ವಿನಾಸ್ ಸಮಾಜಕ್ಕೆ ಅಪಾಯವಾದ ಅಪರಾಧಿಯನ್ನು ಕೊಳೆತ ಅಂಗದಂತೆ ಕಡಿದುಹಾಕಬಹುದು ಎಂದೂ ಬರೆದಿದ್ದಾನೆ. ಅವನ ಒಂದು ಪುಟದಿಂದ ಇನ್ನೊಂದು ಪುಟವನ್ನು ತಿದ್ದಬೇಕಾಗುತ್ತದೆ.) ಈ ಅಳತೆಯಿಂದ 1858ರ ಘೋಷಣೆಯನ್ನು ನೋಡಿದರೆ ಅದರ ಹಿರಿಮೆಯೂ ಕೊರತೆಯೂ ಒಟ್ಟಿಗೆ ಕಾಣುತ್ತವೆ. ಸೇಡಿಗಾಗಿ ಕೂಗುತ್ತಿದ್ದ ತನ್ನದೇ ಜನರ ಎದುರು ಸರ್ಕಾರ ಕೈ ತಡೆಯಿತು. ತನ್ನ ಪಾಲಿನ ಗಾಯವನ್ನು ನುಂಗಿಕೊಂಡ ಅಷ್ಟು ಭಾಗ ನಿಜವಾದ ಕರುಣೆಯೇ. ಆದರೆ ಆ ಘೋಷಣೆಯಲ್ಲಿ ತಪ್ಪಿತಸ್ಥರ ಪಟ್ಟಿ ಒಂದೇ ಕಡೆಯದು. ಹಲಗಲಿಯ ಮನೆಗಳನ್ನು ಸುಟ್ಟವರು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಯೇ ಅದರಲ್ಲಿ ಇಲ್ಲ. ಕೊಲೆಗಾರರನ್ನು ಹೊರಗಿಟ್ಟ ಷರತ್ತು ಬ್ರಿಟಿಷ್ ಪ್ರಜೆಗಳ ಕೊಲೆಗೆ ಮಾತ್ರ ಅನ್ವಯಿಸಿತು. ಬೇಡರ ಸಾವಿಗೆ ಸಮಾನವಾದ ಷರತ್ತು ಇರಲಿಲ್ಲ. ಸುರೇಬಾನದಲ್ಲಿ 1858ರ ಮೇ 29ರಂದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದದ್ದಕ್ಕಾಗಿ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು, ಎರಡೇ ವಾರಗಳಲ್ಲಿ ಲೆಕ್ಕ ತೀರಿತು. ಹಲಗಲಿಯ ಲೆಕ್ಕವನ್ನು ಯಾರೂ ತೆರೆಯಲಿಲ್ಲ.

ಈ ಅಳತೆಯನ್ನು ರಾಜ್ಯಕ್ಕೂ ಅನ್ವಯಿಸುವುದಕ್ಕೆ ಬಲವಾದ ಆಕ್ಷೇಪವೊಂದಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯದಲ್ಲಿ ಪೌಲ, ಆಳುವವನು ಖಡ್ಗ ಹಿಡಿದಿರುವುದು ಸುಮ್ಮನಲ್ಲ, ಕೆಟ್ಟದ್ದನ್ನು ದಂಡಿಸಲು ಎನ್ನುತ್ತಾನೆ. ಲೂಥರ್ ಇದರ ಆಧಾರದ ಮೇಲೆ ಎರಡು ರಾಜ್ಯಗಳನ್ನು ಬೇರ್ಪಡಿಸಿದ: ಸಭೆಯಲ್ಲಿ ಕ್ಷಮೆ, ರಾಜ್ಯದಲ್ಲಿ ಕಾನೂನು. ಕೆನ್ನೆ ತೋರಿಸಿದ ನ್ಯಾಯಾಧೀಶ ದುರ್ಬಲರನ್ನು ತೋಳಗಳಿಗೆ ಒಪ್ಪಿಸಿದಂತೆ ಎಂಬ ಭಯ ಈ ವಾದದ ಹಿಂದಿದೆ, ಅದು ಸುಳ್ಳು ಭಯವಲ್ಲ. ಆದರೆ ಪೌಲ ಅದಕ್ಕೆ ಮೊದಲಿನ ಅಧ್ಯಾಯದ ಕೊನೆಯಲ್ಲಿಯೇ ಸೇಡು ತೀರಿಸಿಕೊಳ್ಳಬೇಡಿ, ಹಸಿದ ಶತ್ರುವಿಗೆ ಉಣಬಡಿಸಿ ಎಂದು ಹೇಳಿದ್ದಾನೆ. ಒಂದರ ಬೆನ್ನಿಗೇ ಬಂದ ಎರಡು ಮಾತುಗಳನ್ನು ಒಬ್ಬನೇ ಬರೆದದ್ದರಿಂದ ಖಡ್ಗ ಸೇಡಿನ ಉಪಕರಣವಲ್ಲ ಎಂಬುದಂತೂ ಖಚಿತ. ಅಲ್ಲದೆ ಖಡ್ಗ ಹಿಡಿದವನು ಕೆಟ್ಟದ್ದನ್ನು ಮಾತ್ರ ದಂಡಿಸಬೇಕು ಎಂಬ ಷರತ್ತಿನ ಮೇಲೆ ಅವನಿಗೆ ಅಧಿಕಾರ ಸಿಕ್ಕಿದೆ. 1857ರ ವಿಶೇಷ ಕಾಯ್ದೆಗಳು ಮೇಲ್ಮನವಿಯನ್ನೇ ಇಲ್ಲವಾಗಿಸಿ ಮರಣದಂಡನೆಗೆ ದಾರಿ ಮಾಡಿದವು. ದೂರು ಕೊಟ್ಟವನು, ವಿಚಾರಿಸಿದವನು, ನೇಣು ಎಳೆದವನು ಮೂವರೂ ಒಂದೇ ಪಕ್ಷದವರಾದಾಗ ಪೌಲನ ಮಾತು ಆ ಖಡ್ಗಕ್ಕೆ ರಕ್ಷಣೆಯಾಗುವುದಿಲ್ಲ.

ಗಲ್ಲಿನ ಕ್ರೌರ್ಯವನ್ನು ಗುರುತಿಸುವುದು ಸುಲಭ. ದಯೆಯ ಹೆಸರಿನಲ್ಲಿ ಬಂದ ಕ್ರೌರ್ಯವನ್ನು ಗುರುತಿಸಲು ಹೆಚ್ಚು ಕಾಲ ಹಿಡಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ತಿದ್ದುಪಡಿಯಾಗಿ ಬಾಂಬೆ ಪ್ರಾಂತಕ್ಕೂ ಬಂತು. ಹರಣಶಿಕಾರಿ, ಗಂಟಿಚೋರ, ಚಪ್ಪರಬಂದ್ ಮುಂತಾದ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದರು. ಓ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ವಿಜಯಪುರದಲ್ಲಿ ಆರಂಭಿಸಿದ ಸೆಟ್ಲಮೆಂಟಿನ ಪ್ರಯೋಗ ಹುಬ್ಬಳ್ಳಿ, ಗದಗ-ಬೆಟಗೇರಿಗಳಿಗೂ ಹಬ್ಬಿತು. ದೇಶದ ಹಲವೆಡೆ ಇಂಥ ಸೆಟ್ಲಮೆಂಟುಗಳ ಆಡಳಿತವನ್ನು ಸರ್ಕಾರ ಕ್ರೈಸ್ತ ಮಿಷನ್ನುಗಳಿಗೂ ಸಾಲ್ವೇಶನ್ ಆರ್ಮಿಗೂ ವಹಿಸಿತು. ಅವರ ಉದ್ದೇಶದಲ್ಲಿ ಕಪಟವಿರಲಿಲ್ಲ: ಜೈಲಿನ ಬದಲು ಶಾಲೆ, ಗಿರಣಿಯ ಕೆಲಸ, ಸ್ವಚ್ಛವಾದ ಮನೆ, ಪ್ರಾರ್ಥನೆ. ಆದರೆ ತಂತಿಬೇಲಿಯ ಒಳಗೆ ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು, ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಬಹುದು. ಕಳ್ಳತನ ಸಾಬೀತಾದವನಿಗೆ ಜೈಲಿನಿಂದ ಹೊರಬರುವ ದಿನವೊಂದು ಗೊತ್ತಿರುತ್ತದೆ. ಏನೂ ಮಾಡದೆ ಸೆಟ್ಲಮೆಂಟಿಗೆ ಬಂದವನಿಗೆ ಅಂಥ ದಿನವೇ ಇಲ್ಲ, ಯಾಕೆಂದರೆ ಅವನು ಶಿಕ್ಷೆ ಅನುಭವಿಸುತ್ತಿಲ್ಲ, ಸುಧಾರಣೆಯಾಗುತ್ತಿದ್ದಾನೆ. ಸಿ.ಎಸ್. ಲೂಯಿಸ್ 1949ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಅಪಾಯವನ್ನೇ ವಿವರಿಸಿದ: ಶಿಕ್ಷೆಯಿಂದ ಅರ್ಹತೆಯ ಮಾತನ್ನು ಕಿತ್ತುಹಾಕಿ ಚಿಕಿತ್ಸೆಯ ಮಾತನ್ನು ಇಟ್ಟರೆ, ಚಿಕಿತ್ಸೆ ಎಷ್ಟು ದಿನ ಎಂದು ಕೇಳುವ ಹಕ್ಕು ರೋಗಿಗೆ ಉಳಿಯುವುದಿಲ್ಲ. ಅವನ ಮನಸ್ಸಿನಲ್ಲಿ ಇದ್ದದ್ದು ಇಂಗ್ಲೆಂಡಿನ ಮನೋವೈದ್ಯರು, ಆದರೆ ಆ ವಾದಕ್ಕೆ ಹುಬ್ಬಳ್ಳಿಯ ಸೆಟ್ಲಮೆಂಟಿಗಿಂತ ಸ್ಪಷ್ಟವಾದ ದೃಷ್ಟಾಂತ ಸಿಗದು. ಕಾಯ್ದೆ 1952ರಲ್ಲಿ ರದ್ದಾಯಿತು. ಸೆಟ್ಲಮೆಂಟ್ ಎಂಬ ಹೆಸರು ಹುಬ್ಬಳ್ಳಿಯಲ್ಲಿ ಬಡಾವಣೆಯೊಂದರ ಗುರುತಾಗಿ ಇಂದಿಗೂ ಉಳಿದಿದೆ. ಮಿಷನರಿಗಳು ಕಲಿಸಿದ ಅಕ್ಷರದಿಂದ ಆ ಸಮುದಾಯಗಳಿಗೆ ಉಪಕಾರವಾಗಿಲ್ಲವೇ ಎಂದು ಕೇಳುವವರಿದ್ದಾರೆ. ಆಗಿದೆ. ಬೇಲಿ ಇಲ್ಲದೆಯೂ ಆ ಅಕ್ಷರ ಕಲಿಸಬಹುದಿತ್ತು. ಕ್ರೈಸ್ತ ಮಿಷನ್ನುಗಳೇ ಗುಳೇದಗುಡ್ಡದಲ್ಲಿ, ಧಾರವಾಡದಲ್ಲಿ ಬೇಲಿ ಇಲ್ಲದೆಯೇ ಶಾಲೆ ನಡೆಸಿದ್ದವು.

ಸ್ವಾತಂತ್ರ್ಯಾನಂತರ ಈ ಚರ್ಚೆಯ ಕೇಂದ್ರ ಬೆಳಗಾವಿಯ ಹಿಂಡಲಗಾ ಜೈಲಿಗೆ ಬಂತು. ಕರ್ನಾಟಕದಲ್ಲಿ ಗಲ್ಲುಶಿಕ್ಷೆಗೆ ಗುರಿಯಾದವರನ್ನು ಇಡುವುದು ಅಲ್ಲಿ. 1993ರಲ್ಲಿ ಪಾಲಾರ್ ಬಳಿ ನೆಲಬಾಂಬ್ ಸ್ಫೋಟದಲ್ಲಿ 22 ಜನ ಸತ್ತ ಪ್ರಕರಣದಲ್ಲಿ ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ ನ್ಯಾಯಾಲಯ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ಅವರ ಕ್ಷಮಾದಾನದ ಅರ್ಜಿಗೆ ಉತ್ತರ ಬಂದದ್ದು 2013ರ ಫೆಬ್ರುವರಿಯಲ್ಲಿ, ಅದೂ ತಿರಸ್ಕಾರವಾಗಿ. ಒಂಬತ್ತು ವರ್ಷ ನೇಣಿನ ನೆರಳಿನಲ್ಲಿ ಕೂರಿಸಿದ್ದೇ ಇನ್ನೊಂದು ಶಿಕ್ಷೆ ಎಂಬ ತರ್ಕದ ಮೇಲೆ 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಅವರ ಶಿಕ್ಷೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಇದನ್ನು ಕರುಣೆ ಎನ್ನುವುದಕ್ಕಿಂತ ನ್ಯಾಯವೆನ್ನುವುದು ಸರಿ. ಕರುಣೆಯ ಅಧಿಕಾರವನ್ನು ಸರ್ಕಾರ ನಿರ್ಲಕ್ಷ್ಯದಿಂದ ಬಳಸಿದ್ದಕ್ಕೆ ನ್ಯಾಯಾಲಯ ಕೊಟ್ಟ ಪರಿಹಾರ ಅದು. ಕರ್ನಾಟಕದ್ದೇ ಆದ, ಹೆಂಡತಿಯನ್ನು ಕೊಂದ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲಿಗೆ ಬದಲಾಗಿ, ಸಾಯುವ ತನಕ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. ಜೀವ ಉಳಿಸಿದ್ದರಿಂದ ಇದು ದಯೆಯಂತೆ ಕಂಡರೂ, ಮನುಷ್ಯ ಬದಲಾಗಬಲ್ಲ ಎಂಬ ಕ್ರೈಸ್ತ ನಂಬಿಕೆಯ ಮುಂದೆ ಅರ್ಧ ಹೆಜ್ಜೆಯಷ್ಟೇ. ಕಥೋಲಿಕ ಧರ್ಮಸಭೆ ಈ ವಿಷಯದಲ್ಲಿ ನಿಧಾನವಾಗಿ ದಾರಿ ಬದಲಿಸಿದೆ. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮರಣದಂಡನೆಯ ಅಗತ್ಯ ಅತಿ ವಿರಳ ಎಂದರು, 2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಒಪ್ಪಲಾಗದ ಶಿಕ್ಷೆಯೆಂದು ಧರ್ಮೋಪದೇಶದ ಗ್ರಂಥವನ್ನೇ ತಿದ್ದಿಸಿದರು. ಕಾರಣ ಅಪರಾಧ ಹಗುರವೆಂದಲ್ಲ, ಅತಿ ಘೋರ ಅಪರಾಧ ಮಾಡಿದವನ ಮಾನವ ಘನತೆಯೂ ಅಳಿಯುವುದಿಲ್ಲ ಎಂದು. ಕಾಯಿನನಿಗೆ ಹಾಕಿದ ಗುರುತು ಹೇಳಿದ್ದೂ ಅದನ್ನೇ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಒಮ್ಮತವಿಲ್ಲ. ಅಮೆರಿಕದ ಹಲವು ಬ್ಯಾಪ್ಟಿಸ್ಟರು ಇಂದಿಗೂ ಗಲ್ಲನ್ನು ಸಮರ್ಥಿಸುತ್ತಾರೆ.

ಉಳಿಯುವ ದೊಡ್ಡ ಆಕ್ಷೇಪ ಸಂತ್ರಸ್ತರದು. ಕೊಲೆಯಾದವನ ಮನೆಯವರು ಇನ್ನೂ ಅಳುತ್ತಿರುವಾಗ ಕೊಲೆಗಾರನ ಘನತೆಯ ಮಾತಾಡುವುದು ಯಾವ ನ್ಯಾಯ? ಈ ಪ್ರಶ್ನೆಗೆ ತರ್ಕದ ಉತ್ತರಕ್ಕಿಂತ ಗ್ಲಾಡಿಸ್ ಸ್ಟೇನ್ಸ್ ನಡೆದುಕೊಂಡ ರೀತಿ ಹೆಚ್ಚು ಹೇಳುತ್ತದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ವಾಹನದಲ್ಲಿಯೇ ಸುಟ್ಟವರನ್ನು ಆಕೆ ಕ್ಷಮಿಸಿರುವುದಾಗಿ ಹೇಳಿದರು. ವಿಚಾರಣೆ ನಿಲ್ಲಬೇಕೆಂದು ಮಾತ್ರ ಕೇಳಲಿಲ್ಲ, ಕಾನೂನು ತನ್ನ ಕೆಲಸ ಮಾಡಲಿ ಎಂದರು. ಆಕೆ ಕೊಟ್ಟದ್ದು ತನ್ನದೇ ನಾಣ್ಯ, ನ್ಯಾಯಾಲಯದ ಪಾಲನ್ನು ನ್ಯಾಯಾಲಯಕ್ಕೇ ಬಿಟ್ಟರು. ಮುಖ್ಯ ಅಪರಾಧಿಗೆ 2003ರಲ್ಲಿ ವಿಧಿಸಿದ್ದ ಗಲ್ಲು 2005ರಲ್ಲಿ ಹೈಕೋರ್ಟಿನಲ್ಲಿ ಜೀವಾವಧಿಯಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇದಕ್ಕೆ ವಿರುದ್ಧವಾದ ಅನುಭವ ಕರಾವಳಿಯದು. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಮತ್ತು ಸುತ್ತಲಿನ ಕ್ರೈಸ್ತ ಪ್ರಾರ್ಥನಾಲಯಗಳ ಮೇಲೆ ದಾಳಿಯಾಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿಯನ್ನು ಕ್ರೈಸ್ತ ಮುಖಂಡರು ಒಪ್ಪಲಿಲ್ಲ. ಕ್ಷಮಿಸಿ ಎಂದು ಬೋಧಿಸುವವರು ವರದಿಯ ವಿರುದ್ಧ ದನಿ ಎತ್ತುವುದು ವಿರೋಧಾಭಾಸ ಎಂದು ಅಂದವರಿಗೆ ಉತ್ತರ ಸರಳವಾಗಿದೆ: ಯಾರು ಮಾಡಿದರು ಎಂಬುದೇ ಇತ್ಯರ್ಥವಾಗದಿದ್ದರೆ ಕ್ಷಮಿಸಬೇಕಾದದ್ದು ಯಾರನ್ನು? ದಕ್ಷಿಣ ಆಫ್ರಿಕದಲ್ಲಿ ಡೆಸ್ಮಂಡ್ ಟುಟು ನಡೆಸಿದ ಆಯೋಗ ತನ್ನ ಹೆಸರಿನಲ್ಲಿ ಸತ್ಯವನ್ನು ಮೊದಲಿಟ್ಟು ಸಂಧಾನವನ್ನು ಆಮೇಲೆ ಇಟ್ಟದ್ದೂ, ತಪ್ಪನ್ನು ಪೂರ್ತಿ ಒಪ್ಪಿಕೊಂಡವರಿಗೆ ಮಾತ್ರ ಕ್ಷಮಾದಾನದ ಅವಕಾಶ ಕೊಟ್ಟದ್ದೂ ಇದೇ ಕಾರಣಕ್ಕೆ. ಆ ಆಯೋಗ ಸಂತ್ರಸ್ತರಿಗೆ ಕೊಡಿಸಬೇಕಾದ ಪರಿಹಾರದ ವಿಷಯದಲ್ಲಿ ಸೋತಿತು ಎಂಬ ಟೀಕೆ ಸರಿಯಾದದ್ದೇ, ಜಕ್ಕಾಯನ ನಾಲ್ಕು ಪಟ್ಟು ಅಲ್ಲಿ ಯಾರ ಕೈಗೂ ಬರಲಿಲ್ಲ.

ಭಾರತದಲ್ಲಿ ಕೈದಿಗಳ ನಡುವೆ ಕೆಲಸ ಮಾಡುವ ಕಥೋಲಿಕರ ಪ್ರಿಸನ್ ಮಿನಿಸ್ಟ್ರಿ 1981ರಲ್ಲಿ ಕೇರಳದಲ್ಲಿ ಆರಂಭವಾಯಿತು, ಅದರ ರಾಷ್ಟ್ರೀಯ ಕಚೇರಿ ಈಗ ಬೆಂಗಳೂರಿನಲ್ಲಿದೆ. ಬಿಡುಗಡೆಯಾದವರಿಗೆ ಮನೆ, ಕೆಲಸ, ಮಕ್ಕಳ ಓದಿನ ಏರ್ಪಾಡು ಮಾಡುವ ಇಂಥ ಸೇವೆ ಬೇಕೇ ಬೇಕು. ಅಷ್ಟೇ ಶ್ರದ್ಧೆಯಿಂದ ಸಭೆಗಳು ಕೊಲೆಯಾದವನ ಮನೆಯ ಬಾಗಿಲನ್ನೂ ತಟ್ಟಬೇಕು, ಕ್ಷಮಿಸಿ ಎಂದು ಹೇಳಲು ಅಲ್ಲ, ಆ ಮನೆಯ ನಷ್ಟ ಎಷ್ಟೆಂದು ಕೇಳಲು.